ನಮ್ಮ ಹೆಣ್ಣುಮಕ್ಕಳೂ ಮಾನವ ಹಕ್ಕುಗಳ ಉಚ್ಚ ವ್ಯಾಸಂಗವೂ

ಬಿ. ಎ. ಪದವಿಯನ್ನೋ ಕಾನೂನಿನ ಪದವಿಯನ್ನೋ ಪಡೆದ ಮಗಳು ಮುಂದೆ ಏನನ್ನು ಓದಬೇಕೆಂಬ ಪ್ರಶ್ನೆಯು ಈಗ ಅನೇಕ ಮನೆಗಳಲ್ಲಿ ಏಳುತ್ತಿರುವುದು. ಹೆಣ್ಣುಮಕ್ಕಳನ್ನು ಹೈಸ್ಕೂಲಿಗೆ ಕಳುಹಿಸಬೇಕೇ ಬೇಡವೇ ಎಂಬುದೇ ಒಂದು ಕಾಲದಲ್ಲಿ ದೊಡ್ಡ ಚರ್ಚೆಯಾಗಿದ್ದಿತು. ಆ ಚರ್ಚೆಯು ಮುಗಿದು, ಎಷ್ಟು ಓದಬೇಕೆಂಬುದಕ್ಕಿಂತ ಯಾವುದನ್ನು ಓದಬೇಕೆಂಬುದನ್ನು ಕುರಿತು ತಂದೆತಾಯಿಗಳು ಯೋಚಿಸುವ ದಿನಗಳು ಬಂದಿರುವುದು ಸಂತೋಷದ ಸಂಗತಿಯೇ ಸರಿ. ಮಗಳು ವೈದ್ಯವನ್ನು ಓದುವೆನೆಂದರೆ, ಇಂಜಿನಿಯರಿಂಗನ್ನು ಓದುವೆನೆಂದರೆ, ಯಾರೂ ವಿವರಣೆಯನ್ನು ಕೇಳುವುದಿಲ್ಲ. ಆದರೆ ಆಕೆಯು ಮಾನವ ಹಕ್ಕುಗಳು, ಪ್ರಜಾಪ್ರಭುತ್ವ, ಸಂಕ್ರಮಣ ಕಾಲದ ನ್ಯಾಯ ಎಂಬ ವಿಷಯಗಳನ್ನು ಎಂ. ಎ. ತರಗತಿಯಲ್ಲಿ ವ್ಯಾಸಂಗ ಮಾಡುವೆನೆಂದರೆ ಮನೆಯವರು ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುತ್ತಾರೆ. ಇದು ಅನ್ನ ಕೊಡುವ ವಿದ್ಯೆಯೇ? ಇದು ರಾಜಕಾರಣಿಗಳ ಕೆಲಸವಲ್ಲವೇ? ಇದರಿಂದ ಮಗಳಿಗೆ ಅಪಾಯವೇನಾದರೂ ಒದಗಿದರೆ ಗತಿ ಏನು? ಹೀಗೆಂದು ಕೇಳುವ ತಂದೆತಾಯಿಗಳನ್ನು ಅಜ್ಞಾನಿಗಳೆಂದು ತಳ್ಳಿಬಿಡುವುದು ನ್ಯಾಯವಲ್ಲ. ಅವರಿಗೆ ಸರಿಯಾದ ಉತ್ತರವು ಸಲ್ಲಬೇಕು.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ತಕ್ಕ ಸಿದ್ಧತೆಯುಳ್ಳ ಹೆಣ್ಣುಮಗಳು ಈ ವ್ಯಾಸಂಗವನ್ನು ಕೈಕೊಳ್ಳಬಯಸಿದರೆ ಮನೆಯವರು ತಡೆಯಬಾರದು. ಏತಕ್ಕೆಂದರೆ ಇದು ಮುಖ್ಯವಾಗಿ ಕೇಳುವ ವಿದ್ಯೆ. ನೊಂದವರ ಮಾತನ್ನು ಸರಿಯಾಗಿ ಕೇಳಬಲ್ಲವರು ಇಲ್ಲದೆ ಎಷ್ಟೋ ಸತ್ಯಗಳು ಹೇಳುವವರ ಗಂಟಲಿನಲ್ಲಿಯೇ ಉಳಿದುಹೋಗಿವೆ. ಆದರೆ ಸಿದ್ಧತೆಯಿಲ್ಲದೆ, ಕೇವಲ ಪರದೇಶದ ಪದವಿಯ ಹೆಸರಿಗಾಗಿ ಇದನ್ನು ಹಿಡಿಯುವುದು ಬೇಡವೆಂದೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕಾಗಿದೆ.

ಈ ವ್ಯಾಸಂಗದಲ್ಲಿ ಕಲಿಸುವುದಾದರೂ ಏನು? ಮೊದಲನೆಯದು ಮಾನವ ಹಕ್ಕುಗಳ ಶಾಸ್ತ್ರ. 1948ನೆಯ ಇಸವಿ ಡಿಸೆಂಬರ್ 10ರಂದು ವಿಶ್ವಸಂಸ್ಥೆಯು ಅಂಗೀಕರಿಸಿದ ಸಾರ್ವತ್ರಿಕ ಘೋಷಣೆಯೂ, ಅದರಿಂದ ಹುಟ್ಟಿದ ಒಪ್ಪಂದಗಳೂ, ಅವುಗಳನ್ನು ನಡೆಯಿಸುವ ನ್ಯಾಯಾಲಯಗಳೂ ಇದರಲ್ಲಿ ಸೇರಿವೆ. ಆ ಘೋಷಣೆಯ ಮೊದಲನೆಯ ವಿಧಿಯ ಕರಡಿನಲ್ಲಿ ಪುರುಷರನ್ನು ಮಾತ್ರ ಸೂಚಿಸಬಲ್ಲ ಶಬ್ದವಿದ್ದಿತು. ಅದನ್ನು ತೆಗೆದು, ಎಲ್ಲ ಮಾನವರೂ ಎಂಬ ಅರ್ಥದ ಶಬ್ದವನ್ನು ಇಡಿಸಿದ ಕೀರ್ತಿಯು ನಮ್ಮ ದೇಶದ ಪ್ರತಿನಿಧಿಯಾಗಿದ್ದ ಶ್ರೀಮತಿ ಹಂಸಾ ಮೆಹತಾ ಅವರಿಗೆ ಸಲ್ಲುತ್ತದೆ. ಎರಡನೆಯದು ಪ್ರಜಾಪ್ರಭುತ್ವದ ಅಭ್ಯಾಸ: ಚುನಾವಣೆ, ಸಂವಿಧಾನ, ಪತ್ರಿಕಾ ಸ್ವಾತಂತ್ರ್ಯ, ಅಲ್ಪಸಂಖ್ಯಾತರ ರಕ್ಷಣೆ ಇವು ಹೇಗೆ ನಿಲ್ಲುತ್ತವೆ, ಹೇಗೆ ಕುಸಿಯುತ್ತವೆ ಎಂಬುದರ ವಿಚಾರ. ಮೂರನೆಯದು ಟ್ರಾನ್ಸಿಷನಲ್ ಜಸ್ಟಿಸ್ ಎಂದು ಇಂಗ್ಲಿಷಿನಲ್ಲಿ ಕರೆಯಲ್ಪಡುವ ಸಂಕ್ರಮಣ ಕಾಲದ ನ್ಯಾಯ. ಒಂದು ದೇಶವು ಯುದ್ಧದಿಂದಲೋ ಸರ್ವಾಧಿಕಾರದಿಂದಲೋ ಬಿಡುಗಡೆ ಹೊಂದಿದ ಮೇಲೆ, ಹಿಂದೆ ನಡೆದ ಅನ್ಯಾಯಗಳಿಗೆ ಏನು ಮಾಡತಕ್ಕದ್ದು ಎಂಬುದೇ ಇದರ ಪ್ರಶ್ನೆ. ಸತ್ಯವನ್ನು ಹೊರಗೆಡಹುವುದು, ಅಪರಾಧಿಗಳನ್ನು ವಿಚಾರಣೆಗೆ ಗುರಿಪಡಿಸುವುದು, ನೊಂದವರಿಗೆ ಪರಿಹಾರ ಕೊಡುವುದು, ಅಂಥದು ಮರಳಿ ನಡೆಯದಂತೆ ಕಟ್ಟುಮಾಡುವುದು ಎಂಬ ನಾಲ್ಕು ಕಂಬಗಳ ಮೇಲೆ ಈ ಶಾಸ್ತ್ರವು ನಿಂತಿದೆ.

ಈ ಹೆಸರು ಬಳಕೆಗೆ ಬಂದುದು 1990ರ ದಶಕದಲ್ಲಿ. ಇಟಲಿಯ ವೆನಿಸ್ ನಗರದಲ್ಲಿ ಅನೇಕ ಯುರೋಪಿನ ವಿಶ್ವವಿದ್ಯಾನಿಲಯಗಳು ಕೂಡಿ 1997ರಲ್ಲಿ ಮಾನವ ಹಕ್ಕುಗಳ ಸ್ನಾತಕೋತ್ತರ ತರಗತಿಯನ್ನು ತೆರೆದವು. ಮರುವರ್ಷ ಥಾಯ್ಲೆಂಡಿನ ಮಹಿದೋಲ್ ವಿಶ್ವವಿದ್ಯಾನಿಲಯದಲ್ಲಿ ಇಂಥ ತರಗತಿಯು ಪ್ರಾರಂಭವಾಯಿತು. 1992ರಿಂದ 1996ರ ವರೆಗೆ ಮುತ್ತಿಗೆಗೆ ಸಿಕ್ಕಿ ನಲುಗಿದ ಸರಾಯೆವೊ ನಗರದಲ್ಲಿಯೂ 2000ದಿಂದ ಇದನ್ನು ಕಲಿಸುತ್ತಿದ್ದಾರೆ. ಹತ್ತಿರದಲ್ಲಿ ಹೇಳುವುದಾದರೆ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲು ಮಾನವ ಹಕ್ಕುಗಳ ಕಾನೂನಿನ ಡಿಪ್ಲೊಮಾವನ್ನು ದೂರಶಿಕ್ಷಣದ ಮೂಲಕವೂ ನಡೆಸಿಕೊಂಡು ಬಂದಿದೆ.

ಇದನ್ನು ಕೇಳಿದ ಹಿರಿಯರು ಒಂದು ಮಾತನ್ನು ಹೇಳುವುದುಂಟು: ಆದದ್ದು ಆಗಿಹೋಯಿತು, ಹಳೆಯ ಹುಣ್ಣನ್ನು ಕೆರೆಯುವುದೇಕೆ? ಮೇಲ್ನೋಟಕ್ಕೆ ಇದು ವಿವೇಕದ ಮಾತಿನಂತೆಯೇ ತೋರುವುದು. ಆದರೆ ಒಳಗೆ ಕೀವು ತುಂಬಿದ ಹುಣ್ಣಿಗೆ ಮೇಲೆ ಬಟ್ಟೆ ಕಟ್ಟಿದರೆ ಅದು ಮಾಯುವುದಿಲ್ಲವೆಂಬುದನ್ನು ಮನೆಯಲ್ಲಿ ರೋಗಿಗಳನ್ನು ನೋಡಿಕೊಂಡ ಯಾವ ತಾಯಿಯೂ ಬಲ್ಲಳು. ದಕ್ಷಿಣ ಆಫ್ರಿಕದ ಜನರು ಇದನ್ನೇ ಯೋಚಿಸಿ 1995ರಲ್ಲಿ ಕಾನೂನು ಮಾಡಿ, ಸತ್ಯ ಮತ್ತು ಸಾಮರಸ್ಯ ಆಯೋಗವನ್ನು ಸ್ಥಾಪಿಸಿದರು. ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅವರು ಅದರ ಅಧ್ಯಕ್ಷರಾಗಿದ್ದರು. 1996ರ ಏಪ್ರಿಲ್ ತಿಂಗಳಿನಲ್ಲಿ ಈಸ್ಟ್ ಲಂಡನ್ ಎಂಬ ಪಟ್ಟಣದಲ್ಲಿ ಸಾರ್ವಜನಿಕ ವಿಚಾರಣೆಗಳು ಆರಂಭವಾದವು. ವರ್ಣಭೇದದ ಆಳ್ವಿಕೆಯಲ್ಲಿ ನೊಂದವರ 21,000ಕ್ಕೂ ಹೆಚ್ಚು ಹೇಳಿಕೆಗಳನ್ನು ಆಯೋಗವು ಬರೆದುಕೊಂಡಿತು.

ನಾವು ವಾಚಕರ ಗಮನವನ್ನು ವಿಶೇಷವಾಗಿ ಸೆಳೆಯಬೇಕೆಂದಿರುವುದು ಇಲ್ಲಿಯೇ. ಹೇಳಿಕೆ ಕೊಡಲು ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸ್ತ್ರೀಯರು. ಆದರೆ ಅವರು ಹೇಳಿದುದು ಬಹುಮಟ್ಟಿಗೆ ಗಂಡನ ಮರಣವನ್ನು, ಮಗನ ಕಣ್ಮರೆಯನ್ನು, ಅಣ್ಣನಿಗಾದ ಚಿತ್ರಹಿಂಸೆಯನ್ನು. ತಮ್ಮ ಮೈಮೇಲೆ, ತಮ್ಮ ಮನಸ್ಸಿನ ಮೇಲೆ ಆದುದನ್ನು ಹೇಳಿದವರು ಕೆಲವರು ಮಾತ್ರ. ಯಾರೂ ಅವರ ಬಾಯನ್ನು ಕಟ್ಟಿರಲಿಲ್ಲ. ಆದರೆ ಯಾರೂ ಅವರನ್ನು ಕೇಳಿಯೂ ಇರಲಿಲ್ಲ. ಇದನ್ನು ಮೊದಲು ಕಂಡುಹಿಡಿದು ಬರಹದಲ್ಲಿ ಆಯೋಗದ ಮುಂದಿಟ್ಟವರು ಜೋಹಾನ್ಸ್‌ಬರ್ಗಿನ ವಿಟ್‌ವಾಟರ್ಸ್‌ರ್ಯಾಂಡ್ ವಿಶ್ವವಿದ್ಯಾನಿಲಯದ ಇಬ್ಬರು ವಿದುಷಿಯರು, ಬೆತ್ ಗೋಲ್ಡ್‌ಬ್ಲಾಟ್ ಮತ್ತು ಶೀಲಾ ಮೇಂಟ್ಜಸ್. 1996ರಲ್ಲಿ ಅವರು ಸಲ್ಲಿಸಿದ ನಿವೇದನೆಯ ಫಲವಾಗಿ ಕೇಪ್‌ಟೌನ್, ಡರ್ಬನ್, ಜೋಹಾನ್ಸ್‌ಬರ್ಗ್ ನಗರಗಳಲ್ಲಿ ಸ್ತ್ರೀಯರಿಗಾಗಿಯೇ ಪ್ರತ್ಯೇಕ ವಿಚಾರಣೆಗಳು ನಡೆದವು. ಹೇಳಿಕೆಯನ್ನು ಬರೆದುಕೊಳ್ಳುವ ನಮೂನೆಯಲ್ಲಿಯೂ, ನಿಮ್ಮವರಿಗೆ ಆದುದನ್ನಲ್ಲದೆ ನಿಮಗೇ ಆದುದನ್ನೂ ಹೇಳಲು ಮರೆಯಬೇಡಿರಿ ಎಂಬ ಅಭಿಪ್ರಾಯದ ಸೂಚನೆಯನ್ನು ಸೇರಿಸಲಾಯಿತು. ಒಂದು ಕಾಗದದ ಮೇಲೆ ಒಂದು ವಾಕ್ಯ! ಆದರೆ ಆ ವಾಕ್ಯವನ್ನು ಬರೆಯಬೇಕೆಂದು ತಿಳಿಯಲು ಓದು ಬೇಕಾಯಿತು, ವಿಚಾರ ಬೇಕಾಯಿತು, ಸಂಶೋಧನೆ ಬೇಕಾಯಿತು. ಕರುಣೆಯೊಂದೇ ಸಾಲದೆ ಹೋಯಿತು. ಆಯೋಗದಲ್ಲಿದ್ದವರಿಗೆ ಕರುಣೆಯ ಕೊರತೆ ಇದ್ದಿತೆಂದು ಯಾರೂ ಹೇಳಲಾರರು.

ಇದಕ್ಕಿಂತಲೂ ಗುರುತರವಾದ ಇನ್ನೊಂದು ನಿದರ್ಶನವನ್ನು ಕೊಡುತ್ತೇವೆ. 1994ರಲ್ಲಿ ಆಫ್ರಿಕದ ರುವಾಂಡ ದೇಶದಲ್ಲಿ ಸುಮಾರು ನೂರು ದಿನಗಳೊಳಗೆ ಲಕ್ಷಗಟ್ಟಲೆ ಟುಟ್ಸಿ ಜನರು ಕೊಲ್ಲಲ್ಪಟ್ಟರು. ಅಪರಾಧಿಗಳ ವಿಚಾರಣೆಗಾಗಿ ವಿಶ್ವಸಂಸ್ಥೆಯು ತಾಂಜಾನಿಯದ ಅರೂಷಾ ನಗರದಲ್ಲಿ ಒಂದು ನ್ಯಾಯಾಲಯವನ್ನು ನಡೆಯಿಸಿತು. ಅಲ್ಲಿ ಅಕಾಯೆಸು ಎಂಬ ಒಬ್ಬ ಸ್ಥಳೀಯ ಅಧಿಕಾರಿಯ ಮೇಲೆ ಹೊರಿಸಿದ ಆರೋಪಗಳಲ್ಲಿ ಸ್ತ್ರೀಯರ ಮೇಲೆ ನಡೆದ ಅತ್ಯಾಚಾರದ ಪ್ರಸ್ತಾಪವೇ ಮೊದಲು ಇರಲಿಲ್ಲ. 1997ರಲ್ಲಿ ವಿಚಾರಣೆಯು ನಡೆಯುತ್ತಿರುವಾಗ ಸಾಕ್ಷಿ ಹೇಳಲು ನಿಂತ ಒಬ್ಬ ತಾಯಿಯು ಆ ಸಂಗತಿಯನ್ನು ಹೊರಗೆಡಹಿದಳು. ನ್ಯಾಯಪೀಠದವರು ಅದನ್ನು ಪ್ರಕರಣಕ್ಕೆ ಸಂಬಂಧವಿಲ್ಲದ ಮಾತೆಂದು ಬದಿಗೆ ತಳ್ಳಲಿಲ್ಲ. ಮುಂದೆ ಪ್ರಶ್ನೆ ಮಾಡಿದರು. ಆ ವರ್ಷದ ಜೂನ್ ತಿಂಗಳಲ್ಲಿ ಆರೋಪಪಟ್ಟಿಯು ತಿದ್ದಲ್ಪಟ್ಟಿತು. 1998ರ ಸೆಪ್ಟೆಂಬರ್ 2ರಂದು ಬಂದ ತೀರ್ಪಿನಲ್ಲಿ, ಒಂದು ಜನಾಂಗವನ್ನು ನಾಶಗೊಳಿಸುವ ಉದ್ದೇಶದಿಂದ ನಡೆಸಿದ ಅತ್ಯಾಚಾರವು ಜನಾಂಗಹತ್ಯೆಯೇ ಆಗುವುದೆಂದು ಅಂತರರಾಷ್ಟ್ರೀಯ ನ್ಯಾಯಾಲಯವೊಂದು ಪ್ರಪಂಚದಲ್ಲಿ ಮೊತ್ತಮೊದಲನೆಯ ಬಾರಿಗೆ ನಿರ್ಣಯಿಸಿತು.

ಆ ಮೂವರು ನ್ಯಾಯಾಧೀಶರಲ್ಲಿ ಒಬ್ಬರೇ ಸ್ತ್ರೀ. ಶ್ರೀಮತಿ ನವನೀತಂ ಪಿಳ್ಳೆ. ಆಕೆಯು ಡರ್ಬನ್ ನಗರದಲ್ಲಿ ತಮಿಳು ಮನೆತನದ ಒಬ್ಬ ಬಸ್ ಚಾಲಕನ ಮಗಳಾಗಿ 1941ರಲ್ಲಿ ಹುಟ್ಟಿದವರು. ತಂದೆಯ ಆದಾಯದಲ್ಲಿ ಕಾಲೇಜು ಓದುವುದು ಸಾಧ್ಯವಿಲ್ಲದಿರಲು, ಅಲ್ಲಿನ ಭಾರತೀಯ ಸಮಾಜದವರು ಹಣ ಕೂಡಿಸಿ ಆಕೆಯನ್ನು ಓದಿಸಿದರು. ಕರಿಯರ, ಭಾರತೀಯರ ಕಕ್ಷಿ ಹಿಡಿದ ಸ್ತ್ರೀಗೆ ಕೆಲಸ ಕೊಡುವವರು ಯಾರು? ಆದುದರಿಂದ 1967ರಲ್ಲಿ ತಾವೇ ವಕೀಲಿಯ ಕಚೇರಿಯನ್ನು ತೆರೆದರು. ರಾಬೆನ್ ದ್ವೀಪದ ರಾಜಕೀಯ ಕೈದಿಗಳಿಗೆ ವಕೀಲರನ್ನು ಕಾಣುವ ಹಕ್ಕನ್ನು 1973ರಲ್ಲಿ ದೊರಕಿಸಿಕೊಟ್ಟರು. ಹೀಗೆ ವರ್ಷಗಟ್ಟಲೆ ದುಡಿದ ಮೇಲೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಹೋಗಿ 1982ರಲ್ಲಿ ಕಾನೂನಿನ ಸ್ನಾತಕೋತ್ತರ ಪದವಿಯನ್ನೂ 1988ರಲ್ಲಿ ಡಾಕ್ಟರ್ ಪದವಿಯನ್ನೂ ಪಡೆದರು. 2008ರಿಂದ 2014ರ ವರೆಗೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಹೈಕಮಿಷನರ್ ಆಗಿದ್ದರು. ಬಸ್ ಚಾಲಕನ ಮಗಳನ್ನು ಓದಿಸಲು ನಾಲ್ಕು ಕಾಸು ಕೊಟ್ಟ ಡರ್ಬನ್ನಿನ ಸಾಮಾನ್ಯ ಜನರು, ತಮ್ಮ ಹಣವು ಎಲ್ಲಿಯೋ ಅರೂಷಾದಲ್ಲಿ ಒಬ್ಬ ದುಃಖಿತ ತಾಯಿಯ ಮಾತಿಗೆ ಕಿವಿಯಾಗುವುದೆಂದು ಕನಸಿನಲ್ಲಿಯೂ ಎಣಿಸಿರಲಾರರು.

ಕಾನೂನನ್ನು ಓದಿದವರಿಗೆ ಮಾತ್ರ ಇದರಲ್ಲಿ ಸ್ಥಳವುಂಟೆಂದು ತಿಳಿಯಬಾರದು. ಅರ್ಜೆಂಟೀನಾದಲ್ಲಿ 1976ರಿಂದ 1983ರ ವರೆಗೆ ಸೈನಿಕರ ಸರ್ವಾಧಿಕಾರವಿದ್ದಿತು. ಸಾವಿರಾರು ಯುವಕ ಯುವತಿಯರು ಮನೆಯಿಂದ ಒಯ್ಯಲ್ಪಟ್ಟು ಕಾಣೆಯಾದರು. ಸೆರೆಯಲ್ಲಿ ಹೆತ್ತ ತಾಯಂದಿರ ಶಿಶುಗಳನ್ನು ಬೇರೆಯವರಿಗೆ ಕೊಟ್ಟುಬಿಟ್ಟರು. ರಾಜಧಾನಿಯ ಮಾಯೊ ಚೌಕದಲ್ಲಿ 1977ರ ಏಪ್ರಿಲ್ ತಿಂಗಳಿನಲ್ಲಿ ಹದಿನಾಲ್ಕು ಮಂದಿ ತಾಯಂದಿರು ಕೂಡಿ, ನಮ್ಮ ಮಕ್ಕಳೆಲ್ಲಿ ಎಂದು ಕೇಳಲು ಪ್ರಾರಂಭಿಸಿದರು. ಅಜ್ಜಿಯಂದಿರು ಮೊಮ್ಮಕ್ಕಳನ್ನು ಹುಡುಕಲು ಹೊರಟರು. ತಂದೆತಾಯಿಗಳೇ ಇಲ್ಲದಿರುವಾಗ ಅಜ್ಜಿಯ ರಕ್ತದಿಂದ ಮೊಮ್ಮಗುವನ್ನು ಗುರುತಿಸುವುದು ಹೇಗೆ? ಮೇರಿ ಕ್ಲೇರ್ ಕಿಂಗ್ ಎಂಬ ಅಮೆರಿಕದ ವಿಜ್ಞಾನಿಯು ಈ ಕಾರ್ಯದಲ್ಲಿ ಅವರಿಗೆ ನೆರವಾದರು. 1987ರಲ್ಲಿ ಅದಕ್ಕಾಗಿಯೇ ಒಂದು ರಾಷ್ಟ್ರೀಯ ಭಂಡಾರವು ಸ್ಥಾಪನೆಯಾಗಿ, ಈ ವರೆಗೆ 130ಕ್ಕೂ ಹೆಚ್ಚು ಮೊಮ್ಮಕ್ಕಳು ಪತ್ತೆಯಾಗಿದ್ದಾರೆ. ಅಪರಾಧಿಗಳನ್ನು ರಕ್ಷಿಸಲು 1986 ಮತ್ತು 1987ರಲ್ಲಿ ಮಾಡಿದ ಕಾನೂನುಗಳನ್ನು ಆ ದೇಶದ ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ ಅಸಿಂಧುವೆಂದು ಸಾರಿತು. ಜೀವಶಾಸ್ತ್ರ, ಸಂಖ್ಯಾಶಾಸ್ತ್ರ, ಮನಶ್ಶಾಸ್ತ್ರ, ಇತಿಹಾಸ, ಭಾಷಾಂತರ ಇವೆಲ್ಲವೂ ಈ ನ್ಯಾಯಕ್ಕೆ ಬೇಕಾಗಿವೆಯೆಂಬುದು ಇದರಿಂದ ವ್ಯಕ್ತವಾಗುವುದು.

ಕ್ಷಮೆಯ ವಿಷಯವಾಗಿಯೂ ಒಂದು ಮಾತನ್ನು ಹೇಳಬೇಕು. ಕ್ಷಮೆಯು ದೊಡ್ಡ ಗುಣವೆಂದು ಬಾಲ್ಯದಿಂದ ಕೇಳಿ ಬೆಳೆದವರೇ ನಮ್ಮ ಓದುಗರಲ್ಲಿ ಹೆಚ್ಚು ಮಂದಿ. ದಕ್ಷಿಣ ಆಫ್ರಿಕದಲ್ಲಿ ರಾಜಕೀಯ ಉದ್ದೇಶದಿಂದ ಮಾಡಿದ ಅಪರಾಧವನ್ನು ಪೂರ್ತಿಯಾಗಿ ಹೇಳಿಬಿಟ್ಟವರಿಗೆ ಶಿಕ್ಷೆಯಿಂದ ವಿನಾಯಿತಿ ಕೊಡುವ ಏರ್ಪಾಡಿದ್ದಿತು. 1977ರಲ್ಲಿ ಪೊಲೀಸರ ಕೈಯಲ್ಲಿ ಸಿಕ್ಕಿ ಮರಣಹೊಂದಿದ ಸ್ಟೀವ್ ಬಿಕೋ ಅವರ ಮನೆಯವರು ಇದನ್ನು ಒಪ್ಪಲಿಲ್ಲ. ನ್ಯಾಯಾಲಯಕ್ಕೆ ಹೋಗುವ ನಮ್ಮ ಹಕ್ಕನ್ನು ಸರ್ಕಾರವು ಹೇಗೆ ಕಸಿದುಕೊಳ್ಳಬಹುದೆಂದು ಅವರೂ ಇತರರೂ ಮೊಕದ್ದಮೆ ಹೂಡಿದರು. 1996ರ ಜುಲೈ ತಿಂಗಳಿನಲ್ಲಿ ಸಂವಿಧಾನ ನ್ಯಾಯಾಲಯವು ಆ ಕಾನೂನನ್ನೇ ಎತ್ತಿಹಿಡಿಯಿತು. ಆದರೂ ಬಿಕೋ ಪ್ರಕರಣದ ಪೊಲೀಸರ ಅರ್ಜಿಗಳು 1999ರಲ್ಲಿ ತಿರಸ್ಕರಿಸಲ್ಪಟ್ಟವು. ವಿನಾಯಿತಿ ದೊರೆಯದವರ ಮೇಲೆ ವಿಚಾರಣೆಗಳನ್ನಾದರೂ ಸರಿಯಾಗಿ ನಡೆಸಿದರೇ ಎಂದರೆ, ಬಹುಪಾಲು ನಡೆಯಲೇ ಇಲ್ಲ. ಮಡಿದವರ ಕುಟುಂಬಗಳು ಮತ್ತೆ ನ್ಯಾಯಾಲಯದ ಬಾಗಿಲು ತಟ್ಟಿದ ಮೇಲೆ 2025ರಲ್ಲಿ ಅಧ್ಯಕ್ಷ ರಾಮಫೋಸಾ ಅವರು, ಆ ವಿಚಾರಣೆಗಳಿಗೆ ಯಾರಾದರೂ ಅಡ್ಡಿಮಾಡಿದರೇ ಎಂಬುದನ್ನು ತಿಳಿಯಲು ಒಂದು ತನಿಖಾ ಆಯೋಗವನ್ನು ನೇಮಿಸಬೇಕಾಯಿತು. ಕ್ಷಮಿಸುವ ಅಧಿಕಾರವು ನೊಂದವರದು. ಅವರ ಪರವಾಗಿ ಸರ್ಕಾರವು ಕ್ಷಮಿಸಿಬಿಡಲಾರದು. ಕ್ಷಮೆಗೂ ಮರೆವಿಗೂ ಇರುವ ಅಂತರವನ್ನು ಈ ವ್ಯಾಸಂಗದಷ್ಟು ಕೂಲಂಕಷವಾಗಿ ತಿಳಿಸುವುದು ಮತ್ತೊಂದಿಲ್ಲ.

ಇವೆಲ್ಲ ದೂರದೇಶದ ಮಾತುಗಳು, ನಮಗೇನು ಎಂದು ಕೇಳುವವರಿಗೆ ನಮ್ಮ ದೇಶದ ಇತಿಹಾಸವೇ ಉತ್ತರ ಕೊಡುತ್ತದೆ. 1975ರ ಜೂನ್ 25ರಿಂದ 1977ರ ಮಾರ್ಚ್ ವರೆಗೆ ಭಾರತದಲ್ಲಿ ತುರ್ತುಪರಿಸ್ಥಿತಿ ಇದ್ದಿತು. 1,00,000ಕ್ಕೂ ಹೆಚ್ಚು ಜನರು ವಿಚಾರಣೆಯಿಲ್ಲದೆ ಬಂಧನದಲ್ಲಿದ್ದರು. ಸಂಸ್ಕಾರ ಚಲನಚಿತ್ರದಲ್ಲಿ ಅಭಿನಯಿಸಿದ ಶ್ರೀಮತಿ ಸ್ನೇಹಲತಾ ರೆಡ್ಡಿಯವರು ಉಬ್ಬಸದ ರೋಗಿಯಾಗಿದ್ದರೂ ಬೆಂಗಳೂರಿನ ಸೆರೆಮನೆಯಲ್ಲಿ ತಿಂಗಳುಗಟ್ಟಲೆ ಇರಿಸಲ್ಪಟ್ಟು, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು. ಆ ಕಾಲದ ಅತಿಕ್ರಮಗಳನ್ನು ತನಿಖೆ ಮಾಡಲು ನ್ಯಾಯಮೂರ್ತಿ ಜೆ. ಸಿ. ಷಾ ಅವರ ಆಯೋಗವು 1977ರಲ್ಲಿ ನೇಮಿಸಲ್ಪಟ್ಟು, 1978ರಲ್ಲಿ ಮೂರು ವರದಿಗಳನ್ನು ಒಪ್ಪಿಸಿತು. ಅಪರಾಧಗಳ ವಿಚಾರಣೆಗಾಗಿ 1979ರಲ್ಲಿ ಕಾನೂನೂ ಆಯಿತು. ಆದರೆ 1980ರಲ್ಲಿ ಸರ್ಕಾರವು ಬದಲಾಗಿ ಆ ಕೆಲಸವು ಅಲ್ಲಿಗೇ ನಿಂತಿತು. ಅರ್ಜೆಂಟೀನಾದ ಆಯೋಗಕ್ಕಿಂತ ಆರು ವರ್ಷಗಳ ಮೊದಲೇ ನಾವು ಸತ್ಯವನ್ನು ಬರೆದಿಟ್ಟೆವು. ಬರೆದಿಟ್ಟುದನ್ನು ಮುಂದೆ ಕೊಂಡುಹೋಗಲಿಲ್ಲ.

ಮರಳಿ ಹಾಗಾಗದಂತೆ ಮಾಡುವ ಕಟ್ಟುಪಾಡು ಮಾತ್ರ ನಮ್ಮಲ್ಲಿ ಫಲಿಸಿತು. ತುರ್ತುಪರಿಸ್ಥಿತಿಯಲ್ಲಿಯೂ ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು ತಡೆಹಿಡಿಯಕೂಡದೆಂದು 1978ರ 44ನೆಯ ಸಂವಿಧಾನ ತಿದ್ದುಪಡಿಯು ವಿಧಿಸಿತು. ಬಂಧಿತನು ನ್ಯಾಯಾಲಯವನ್ನು ಕೇಳಿಕೊಳ್ಳಲಾರನೆಂದು 1976ರಲ್ಲಿ ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳು ಹೇಳಿದಾಗ, ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರೊಬ್ಬರೇ ಭಿನ್ನಮತವನ್ನು ಬರೆದಿದ್ದರು. ಆ ಹಳೆಯ ತೀರ್ಪು ತಪ್ಪೆಂದು ಸುಪ್ರೀಂ ಕೋರ್ಟೇ ಸಾರಿದುದು 2017ರಲ್ಲಿ. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಒಂದು ತಪ್ಪನ್ನು ತಿದ್ದಲು 41 ವರ್ಷಗಳು ಬೇಕಾದವು. ಇಂಥ ಕೆಲಸವು ಒಂದು ತಲೆಮಾರಿನಲ್ಲಿ ಮುಗಿಯುವಂಥದಲ್ಲ. ಆದುದರಿಂದಲೇ ಮುಂದಿನ ತಲೆಮಾರಿನಲ್ಲಿ ಅದನ್ನು ಬಲ್ಲವರಿರಬೇಕು.

ಇನ್ನು ಅನ್ನದ ಪ್ರಶ್ನೆ. ಈ ಪದವಿಯೊಂದೇ ಕೈಯಲ್ಲಿದ್ದರೆ ಉದ್ಯೋಗವು ಸುಲಭವಾಗಿ ದೊರೆಯುವುದಿಲ್ಲ. ಇದರಿಂದ ವಕೀಲಿಯ ಸನ್ನದು ಬರುವುದಿಲ್ಲ; ಅಧ್ಯಾಪಕಿಯ ಕೆಲಸಕ್ಕೂ ಬೇರೆ ಅರ್ಹತೆಗಳು ಬೇಕು. ವಿಶ್ವಸಂಸ್ಥೆಯಲ್ಲಿ ಸ್ಥಾನಗಳು ಕೆಲವೇ, ಅಪೇಕ್ಷಿಸುವವರು ಬಹುಮಂದಿ. ಯುರೋಪಿನಲ್ಲಿ ಒಂದು ವರ್ಷ ಓದುವುದಕ್ಕೆ ಬೀಳುವ ವೆಚ್ಚವು ಮಧ್ಯಮ ವರ್ಗದ ಮನೆಗೆ ದೊಡ್ಡ ಹೊರೆ. ಇದನ್ನು ಮುಚ್ಚಿಟ್ಟು ಹೆಣ್ಣುಮಕ್ಕಳನ್ನು ಹುರಿದುಂಬಿಸುವುದು ಹಿತೈಷಿಗಳ ಲಕ್ಷಣವಲ್ಲ. ಅಪಾಯದ ವಿಷಯದಲ್ಲಿಯೂ ಹಾಗೆಯೇ. ಅಧಿಕಾರದಲ್ಲಿರುವವರಿಗೆ ಅಪ್ರಿಯವಾದುದನ್ನು ಬರೆಯುವವರಿಗೆ ತೊಂದರೆಗಳು ಬರುವುದುಂಟು. ದಿನವೂ ದುಃಖದ ಕಥೆಗಳನ್ನು ಕೇಳುವವರ ಮನಸ್ಸು ಕುಗ್ಗುವುದೂ ಉಂಟು. ಒಳ್ಳೆಯ ತರಗತಿಗಳಲ್ಲಿ ಇದನ್ನು ಎದುರಿಸುವ ರೀತಿಯನ್ನೂ ಕಲಿಸುತ್ತಾರೆ. ಹಾಗೆ ಕಲಿಸುವರೇ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಲೇಸು.

ಆದುದರಿಂದ ನಾವು ಸೂಚಿಸುವ ಕ್ರಮವು ಇದು. ಮೊದಲು ಮಗಳು ಕೈಹಿಡಿಯುವ ಒಂದು ವಿದ್ಯೆಯನ್ನು ಸಂಪಾದಿಸಲಿ. ಅದು ಕಾನೂನೇ ಆಗಬೇಕೆಂದಿಲ್ಲ. ವೈದ್ಯ, ಸಂಖ್ಯಾಶಾಸ್ತ್ರ, ಪತ್ರಿಕೋದ್ಯಮ, ಶಿಕ್ಷಕವೃತ್ತಿ ಯಾವುದಾದರೂ ಆದೀತು. ಬಳಿಕ ಎರಡು ಮೂರು ವರ್ಷ ಅದರಲ್ಲಿ ದುಡಿಯಲಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳಲ್ಲಿ, ಮಹಿಳಾ ಆಯೋಗದಲ್ಲಿ, 1993ರ ಕಾನೂನಿನ ಪ್ರಕಾರ ಸ್ಥಾಪಿತವಾದ ಮಾನವ ಹಕ್ಕುಗಳ ಆಯೋಗಗಳಲ್ಲಿ ಕೆಲಸ ಹೇಗೆ ನಡೆಯುತ್ತದೆಂಬುದನ್ನು ಕಣ್ಣಾರೆ ಕಾಣಲಿ. ಬ್ರಿಟಿಷ್ ಸರ್ಕಾರದ ಚೆವನಿಂಗ್ ವಿದ್ಯಾರ್ಥಿವೇತನಕ್ಕೆ ಎರಡು ವರ್ಷಗಳ ಅನುಭವವೂ, ಓದು ಮುಗಿದ ಮೇಲೆ ಸ್ವದೇಶಕ್ಕೆ ಮರಳುವ ಕರಾರೂ ಇರುವುದನ್ನು ಗಮನಿಸಿದರೆ, ಈ ಕ್ರಮವು ನಮ್ಮ ಕಲ್ಪನೆಯಷ್ಟೇ ಅಲ್ಲವೆಂದು ತಿಳಿಯುವುದು. ಹಾರ್ವರ್ಡಿಗೆ ಹೋದಾಗ ನವನೀತಂ ಪಿಳ್ಳೆಯವರ ಬೆನ್ನಿಗೂ ವರ್ಷಗಟ್ಟಲೆ ವಕೀಲಿಯ ದುಡಿಮೆಯಿದ್ದಿತು.

ಅದರೊಂದಿಗೆ ಮಗಳು ಕನ್ನಡವನ್ನು ಚೆನ್ನಾಗಿ ಕಲಿತಿರಲಿ; ತುಳು, ಕೊಂಕಣಿ, ಉರ್ದು, ಕೊಡವ, ಲಂಬಾಣಿ ಮಾತುಗಳಲ್ಲಿ ಯಾವುದು ಬಂದರೂ ಅದನ್ನು ಕಡೆಗಣಿಸದಿರಲಿ. ನೊಂದವರು ಇಂಗ್ಲಿಷಿನಲ್ಲಿ ಅಳುವುದಿಲ್ಲ. ತನ್ನ ಊರಿನ ಮುದುಕಿಯು ಅರ್ಧ ಹೇಳಿ ನಿಲ್ಲಿಸಿದ ಮಾತಿನ ಉಳಿದರ್ಧವನ್ನು ತಿಳಿಯಬಲ್ಲವಳೇ ಹೇಳಿಕೆಯನ್ನು ಬರೆದುಕೊಳ್ಳಲು ಯೋಗ್ಯಳು. ಇಷ್ಟು ಸಿದ್ಧತೆಯಾದ ಮೇಲೆಯೂ ಮನಸ್ಸು ಅದೇ ಕಡೆಗೆ ಎಳೆಯುತ್ತಿದ್ದರೆ ಅದು ಕ್ಷಣಿಕ ಉತ್ಸಾಹವಲ್ಲವೆಂದು ತಂದೆತಾಯಿಗಳು ನಂಬಬಹುದು.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಒಂದು ಬಿನ್ನಹವಿದೆ. ನಿಮ್ಮಲ್ಲಿ ವಕೀಲರಿದ್ದೀರಿ, ದಾದಿಯರಿದ್ದೀರಿ, ಉಪಾಧ್ಯಾಯಿನಿಯರಿದ್ದೀರಿ, ಸರ್ಕಾರಿ ಕಚೇರಿಗಳಲ್ಲಿ ಅರ್ಜಿಗಳನ್ನು ದಿನವೂ ಓದುವವರಿದ್ದೀರಿ. ನಿಮ್ಮ ಕೆಲಸದಲ್ಲಿ ನೊಂದವರ ಮಾತನ್ನು ಕೇಳುವುದು ಎಷ್ಟು ಕಷ್ಟವೆಂದು ನೀವು ಬಲ್ಲಿರಿ. ಈ ದಾರಿಯಲ್ಲಿ ನಡೆಯಬಯಸುವ ಕಿರಿಯ ಸೋದರಿಯರಿಗೆ ನಿಮ್ಮ ಅನುಭವದ ಮಾತುಗಳನ್ನು ಹೇಳಿರಿ. ಸಾಧ್ಯವಾದರೆ ಒಂದೆರಡು ತಿಂಗಳು ನಿಮ್ಮೊಡನೆ ಕೆಲಸ ಮಾಡುವ ಅವಕಾಶವನ್ನು ಕೊಡಿರಿ. ಅನುಕೂಲವಿದ್ದವರು ಡರ್ಬನ್ನಿನ ಜನರಂತೆ ಕೈಲಾದ ಹಣವನ್ನೂ ಕೂಡಿಸಿರಿ. ತಂದೆತಾಯಿಗಳಲ್ಲಿಯೂ ನಮ್ಮ ಬಿನ್ನಹವು ಇಷ್ಟೆ. ಮಗಳು ಈ ವ್ಯಾಸಂಗದ ಹೆಸರನ್ನು ಹೇಳಿದ ಕೂಡಲೇ ಆಗದು ಎನ್ನಬೇಡಿರಿ. ಯಾವ ವಿದ್ಯೆಯನ್ನು ಅದರ ಕೆಳಗೆ ತಳಪಾಯವಾಗಿ ಇಟ್ಟುಕೊಂಡಿದ್ದೀಯೆ, ಹಣವೆಲ್ಲಿಂದ, ಓದಿ ಬಂದು ಯಾರ ಮಾತನ್ನು ಕೇಳುವೆ ಎಂದು ಮೂರು ಪ್ರಶ್ನೆಗಳನ್ನು ಹಾಕಿರಿ. ಮೂರಕ್ಕೂ ನೇರವಾದ ಉತ್ತರವು ಬಂದರೆ ಪ್ರವೇಶಪತ್ರಕ್ಕೆ ಸಂತೋಷದಿಂದ ಸಹಿ ಮಾಡಿರಿ.